ಬರಲಾರದ ಹುಡುಗಿಯಿಂದ ಶುರುಮಾಡಿ: ಸೊರೋರಿಟಿ ರಿಟ್ರೀಟ್ ಯೋಜಿಸುವವರಿಗೆ

ಹಾಸನದಿಂದ ಟೆಕ್ಸಸ್‌ಗೆ ಪದವಿ ಓದಲು ಬಂದ ಮೊದಲ ವರ್ಷ, ನಮ್ಮ ಸೊರೋರಿಟಿಯ (ವಿದ್ಯಾರ್ಥಿನಿಯರ ಸಂಘದ) ಹುಡುಗಿಯರು ಕ್ಯಾಂಪಸ್ ಬಿಟ್ಟು ಎರಡು ದಿನ ಒಟ್ಟಿಗೆ ಕಳೆಯುವ ಜನವರಿ ರಿಟ್ರೀಟ್‌ಗೆ ತಲಾ 140 ಡಾಲರ್ ಕೇಳಿದ್ದರು. ನನ್ನ ಬಳಿ ಅಷ್ಟು ಹಣವಿರಲಿಲ್ಲ. ಶನಿವಾರ ಬೆಳಿಗ್ಗೆ ಕ್ಯಾಂಪಸ್ ಗ್ರಂಥಾಲಯದಲ್ಲಿ ನನ್ನ ಪಾಳಿಯೂ ಇತ್ತು. ಎರಡನ್ನೂ ಬಾಯಿಬಿಟ್ಟು ಹೇಳಲಾಗದೆ ‘ಪರೀಕ್ಷೆಯಿದೆ’ ಎಂದು ಸುಳ್ಳು ಹೇಳಿ ಉಳಿದುಕೊಂಡೆ. ಸೋಮವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಕೂತವರೆಲ್ಲ ನನಗೆ ಗೊತ್ತಿಲ್ಲದ ಅಡ್ಡಹೆಸರುಗಳಿಂದ ಒಬ್ಬರನ್ನೊಬ್ಬರು ಕರೆಯುತ್ತಿದ್ದರು, ನಾನು ಕೇಳಿರದ ಯಾವುದೋ ಘಟನೆ ನೆನೆದು ನಗುತ್ತಿದ್ದರು. ಎರಡೇ ದಿನಗಳಲ್ಲಿ ಅವರು ಒಂದು ಮನೆಯವರಾಗಿದ್ದರು. ನಾನು ಆ ಮನೆಗೆ ಬಂದ ನೆಂಟಳಂತೆ ಕೂತಿದ್ದೆ.

ಮರುವರ್ಷ ರಿಟ್ರೀಟ್ ಸಮಿತಿಗೆ ನಾನೇ ಕೇಳಿ ಸೇರಿದೆ. ಈಗ ಓದು ಮುಗಿಸಿ ಕೆಲಸದಲ್ಲಿದ್ದೇನೆ, ಜೊತೆಗೆ ಸಂಘದ ಕ್ಯಾಂಪಸ್ ಶಾಖೆಯಾದ ಒಂದು ಚಾಪ್ಟರ್‌ಗೆ ಸ್ವಯಂಸೇವೆಯ ಸಲಹೆಗಾರ್ತಿ. ಪ್ರತಿ ವರ್ಷ ಹೊಸ ಪದಾಧಿಕಾರಿಗಳಿಗೆ ನಾನು ಹೇಳುವ ಮೊದಲ ಮಾತು ಒಂದೇ: ಯಾರು ಬರಲಾರರು ಎಂಬುದನ್ನು ಮೊದಲು ಯೋಚಿಸಿ. ಹಣವಿಲ್ಲದವಳು, ಶನಿವಾರ ಕೆಲಸವಿರುವವಳು, ಮಾಂಸ ತಿನ್ನದವಳು, ರಾತ್ರಿ ಹೊರಗೆ ಉಳಿಯಲು ಮನೆಯವರ ಒಪ್ಪಿಗೆ ಸಿಗದವಳು, ಮೊನ್ನೆಯಷ್ಟೇ ಸೇರಿ ಇನ್ನೂ ಯಾರ ಹೆಸರೂ ಬಾಯಿಗೆ ಹತ್ತದವಳು. ಅವಳು ಬರುವಂತೆ ಯೋಜಿಸಿದರೆ ಉಳಿದವರು ತಾವಾಗಿಯೇ ಬರುತ್ತಾರೆ. ಈ ಲೇಖನದ ಪ್ರತಿ ಹೆಜ್ಜೆಯೂ ಅವಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಊರಿನಲ್ಲಿರುವ ಓದುಗರಿಗೆ ಎರಡು ಮಾತು. ಸೊರೋರಿಟಿ ಎಂದರೆ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಂಡ ಸೋದರಿ ಸಂಘ. ಒಂದು ಕ್ಯಾಂಪಸ್‌ನಲ್ಲಿರುವ ಅದರ ಶಾಖೆಗೆ ಚಾಪ್ಟರ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಸೊರೊರ್’ ಎಂದರೆ ಸೋದರಿ. ಮೊದಮೊದಲು ಹೆಣ್ಣುಮಕ್ಕಳ ಸಂಘಗಳನ್ನೂ ಸೋದರರ ಸಂಘ ಎಂಬ ಅರ್ಥದ ‘ಫ್ರೆಟರ್ನಿಟಿ’ ಎಂದೇ ಕರೆಯುತ್ತಿದ್ದರು. 1882ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ಅವರು ಗಾಮಾ ಫೈ ಬೀಟಾದ ಹುಡುಗಿಯರಿಗಾಗಿ ‘ಸೊರೋರಿಟಿ’ ಎಂಬ ಪದವನ್ನು ಸೂಚಿಸಿದರು. ಕಪ್ಪು ವರ್ಣೀಯ ವಿದ್ಯಾರ್ಥಿನಿಯರು 1908ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸ್ಥಾಪಿಸಿದರು. ಕಮಲಾ ಹ್ಯಾರಿಸ್ ಅದರ ಸದಸ್ಯೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಸಂಘಗಳು ಬಂದದ್ದು ಅದಾದ ತೊಂಬತ್ತು ವರ್ಷಗಳ ಮೇಲೆ. 1998ರ ಒಂದೇ ವರ್ಷದಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ ಹುಟ್ಟಿದವು. ಇಂದು ಇಂಥ ಚಾಪ್ಟರ್‌ಗಳಲ್ಲಿ ಕನ್ನಡ ಮನೆಗಳ ಹುಡುಗಿಯರೂ ಇದ್ದಾರೆ. ಹೊಸಬಳಿಗೆ ಹಿರಿಯಳೊಬ್ಬಳನ್ನು ಅಕ್ಕನಾಗಿ ಜೊತೆಮಾಡುವ ಪದ್ಧತಿ ಅನೇಕ ಸೊರೋರಿಟಿಗಳಲ್ಲಿ ಉಂಟು. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ‘ಅಕ್ಕನ ಬಳಗ’ ಎಂಬ ಫಲಕ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಇಡೀ ಚಾಪ್ಟರ್ ಕ್ಯಾಂಪಸ್ ಬಿಟ್ಟು ಒಂದೆರಡು ದಿನ ಒಟ್ಟಿಗೆ ಇದ್ದು ಬರುವುದೇ ರಿಟ್ರೀಟ್.

ಮೂರು ತಿಂಗಳು ಮೊದಲು: ಒಂದು ಪ್ರಶ್ನೆ

ಜಾಗ ಹುಡುಕುವ ಮೊದಲು ಪದಾಧಿಕಾರಿಗಳು ಕೂತು ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ಒಂದೇ ಒಂದು. ‘ಸೋದರಿತ್ವ ಬೆಳೆಸುವುದು’ ಎಂಬುದು ಪ್ರಶ್ನೆಯಲ್ಲ. ‘ಕಳೆದ ವರ್ಷ ಸೇರಿದ ಹನ್ನೊಂದು ಮಂದಿಯಲ್ಲಿ ನಾಲ್ವರು ಏಕೆ ಬಿಟ್ಟುಹೋದರು’ ಎಂಬುದು ಪ್ರಶ್ನೆ. ‘ನಮ್ಮ ವಾರದ ಸಭೆ ಎರಡೂವರೆ ಗಂಟೆ ಎಳೆಯುವುದು ಏಕೆ’ ಎಂಬುದೂ ಪ್ರಶ್ನೆಯೇ. ಪ್ರಶ್ನೆ ಸ್ಪಷ್ಟವಾಗಿದ್ದರೆ ಶನಿವಾರದ ವೇಳಾಪಟ್ಟಿ ಅರ್ಧ ಬರೆದಂತೆಯೇ.

ಪ್ರಶ್ನೆ ಆರಿಸಲು ಹೆಸರು ಬರೆಯಬೇಕಿಲ್ಲದ ಒಂದು ಸಮೀಕ್ಷೆ ಕಳಿಸಿ. ಮೂರು ಸಾಲು ಸಾಕು: ಈ ಸಂಘದಲ್ಲಿ ನಿಮಗೆ ಹಿತವೆನಿಸಿದ್ದು ಯಾವಾಗ, ಹೊರಗಿನವಳು ಎನಿಸಿದ್ದು ಯಾವಾಗ, ರಿಟ್ರೀಟ್‌ಗೆ ಬರಲು ನಿಮಗೆ ಅಡ್ಡಿಯಾಗಬಹುದಾದ್ದು ಏನು. ಮೂರನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ನನ್ನನ್ನು ಆ ವರ್ಷ ಯಾರಾದರೂ ಅದನ್ನು ಕೇಳಿದ್ದರೆ, ಹೆಸರು ಹೇಳದೆ ನಿಜವನ್ನು ಬರೆಯುತ್ತಿದ್ದೆ.

ದಿನಾಂಕ ನಿಶ್ಚಯಿಸುವಾಗ ಪಂಚಾಂಗ ನೋಡುವಷ್ಟೇ ಎಚ್ಚರ ಬೇಕು. ಅನೇಕ ಚಾಪ್ಟರ್‌ಗಳಲ್ಲಿ ಹೊಸ ಪದಾಧಿಕಾರಿಗಳು ವರ್ಷದ ಕೊನೆಗೆ ಆಯ್ಕೆಯಾಗುತ್ತಾರೆ. ಅಂಥವರಿಗೆ ಜನವರಿ ಒಳ್ಳೆಯದು. ತರಗತಿಗಳು ಆಗಷ್ಟೇ ತೆರೆದಿರುತ್ತವೆ, ಪರೀಕ್ಷೆಗಳು ದೂರವಿರುತ್ತವೆ. ಆದರೆ ಕೆಲವು ಕ್ಯಾಂಪಸ್‌ಗಳಲ್ಲಿ ಹೊಸ ಸದಸ್ಯರ ಆಯ್ಕೆ ಜನವರಿಯಲ್ಲೇ ನಡೆಯುತ್ತದೆ. ಅಲ್ಲಿ ಫೆಬ್ರುವರಿಗೆ ಜಾರಿಸಿ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ರಜೆ. ಮೂರು ದಿನದ ಬಿಡುವು ಸಿಗುತ್ತದೆಂದು ಎಲ್ಲರ ಕಣ್ಣು ಅದರ ಮೇಲೇ ಇರುತ್ತದೆ. ಆದರೆ ಆ ದಿನ ಸೇವಾಕಾರ್ಯಕ್ಕೆ ಹೋಗುವ ರೂಢಿ ಇರುವ ಸದಸ್ಯರೂ ಇರುತ್ತಾರೆ, ಬಾಡಿಗೆಯೂ ಏರಿರುತ್ತದೆ. ಆಗಸ್ಟ್ ಕೊನೆಯಲ್ಲಿ ಮಾಡುವುದಾದರೆ ಟೆಕ್ಸಸ್ಸಿನ ಬಿಸಿಲನ್ನು ಹಗುರವಾಗಿ ಎಣಿಸಬೇಡಿ. ನವರಾತ್ರಿ, ದೀಪಾವಳಿ, ರಮ್ಜಾನ್, ವೈದ್ಯಕೀಯ ಮತ್ತು ಕಾನೂನು ಪ್ರವೇಶ ಪರೀಕ್ಷೆಗಳ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಉಳಿದ ವಾರಾಂತ್ಯಗಳಲ್ಲಿ ಎರಡನ್ನು ಸದಸ್ಯರ ಮುಂದಿಡಿ.

ದಿನಾಂಕವನ್ನು ಎಂಟು ವಾರ ಮೊದಲೇ ಸಾರಿದರೆ ಶನಿವಾರದ ಪಾಳಿಯನ್ನು ಬೇರೊಬ್ಬರಿಗೆ ಬದಲಿಸಿಕೊಡಲು ಸಮಯ ಸಿಗುತ್ತದೆ. ನಮ್ಮ ದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದವರು ತರಗತಿಗಳು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಒಂದು ಶನಿವಾರ ತಪ್ಪಿದರೆ ಆ ವಾರದ ದಿನಸಿಯ ದುಡ್ಡೇ ಹೋದಂತೆ. ಹಾಗಾಗಿ ಶುಕ್ರವಾರ ರಾತ್ರಿ ಬರಲಾಗದವರನ್ನು ಶನಿವಾರ ಮಧ್ಯಾಹ್ನ ಕರೆತರಲು ಒಂದು ಕಾರನ್ನು ಮೊದಲೇ ಗೊತ್ತುಮಾಡಿಡಿ. ಕೇಳಿದರೆ ಕಳಿಸೋಣ ಎಂದುಕೊಂಡರೆ ಯಾರೂ ಕೇಳುವುದಿಲ್ಲ. ‘ಮಧ್ಯಾಹ್ನ ಒಂದಕ್ಕೆ ಎರಡನೆಯ ಕಾರು ಹೊರಡುತ್ತದೆ’ ಎಂದು ಆಮಂತ್ರಣದಲ್ಲೇ ಅಚ್ಚಾಗಿರಬೇಕು.

ಜಾಗ, ಮತ್ತು ಸಹಿ ಹಾಕುವವರು ಯಾರು

ಮೊದಲು ಸ್ಟೇಟ್ ಪಾರ್ಕ್‌ಗಳನ್ನು ನೋಡಿ ಎನ್ನುತ್ತೇನೆ. ಆಸ್ಟಿನ್‌ನಿಂದ ಸುಮಾರು 30 ಮೈಲಿ ದೂರದಲ್ಲಿ ಬ್ಯಾಸ್ಟ್ರಾಪ್ ಸ್ಟೇಟ್ ಪಾರ್ಕ್ ಇದೆ. ಸುತ್ತ ಲಾಬ್ಲಾಲಿ ಪೈನ್ ಮರಗಳು, ಅವುಗಳ ನಡುವೆ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸವಿಲ್ಲದ ಯುವಕರು ಸಿವಿಲಿಯನ್ ಕನ್ಸರ್ವೇಷನ್ ಕೋರ್‌ಗೆ ಸೇರಿ ಕಟ್ಟಿದ ಕಲ್ಲು ಮರದ ಕ್ಯಾಬಿನ್‌ಗಳು. 2011ರ ಸೆಪ್ಟೆಂಬರ್‌ನ ಕಾಳ್ಗಿಚ್ಚಿನಲ್ಲಿ ಕಾಡಿನ ಬಹುಭಾಗ ಸುಟ್ಟಿತು, ಅಗ್ನಿಶಾಮಕರು ಹೋರಾಡಿ ಈ ಕಟ್ಟಡಗಳನ್ನು ಉಳಿಸಿಕೊಂಡರು. ಸುಟ್ಟ ನೆಲದಲ್ಲಿ ಮತ್ತೆ ಎದ್ದ ಎಳೆಯ ಪೈನ್‌ಗಳ ನಡುವೆ ಬೆಳಿಗ್ಗೆ ನಡೆಯುವುದು ನನಗೆ ಇಂದಿಗೂ ಇಷ್ಟ. ಬೇರೆ ರಾಜ್ಯಗಳಲ್ಲೂ ಪಾರ್ಕ್‌ಗಳ ಗುಂಪು ವಸತಿ, ವೈಎಂಸಿಎ ಶಿಬಿರಗಳು, ಗ್ರಾಮೀಣ ಯುವಜನರ ಫೋರ್-ಎಚ್ ಶಿಬಿರಗಳು ಸಿಗುತ್ತವೆ. ಶಾಲೆಗಳು ನಡೆಯುವ ತಿಂಗಳುಗಳಲ್ಲಿ ಇವುಗಳ ಹಾಸಿಗೆಗಳು ಖಾಲಿ ಇರುವುದರಿಂದ ದರವೂ ಕೈಗೆಟಕುತ್ತದೆ.

ಮನೆ ಬಾಡಿಗೆ ತೆಗೆಯುವವರು ಒಂದು ವಿಷಯ ತಿಳಿದಿರಬೇಕು. ಏರ್‌ಬಿಎನ್‌ಬಿ 2020ರಿಂದ ಪಾರ್ಟಿಗಳನ್ನು ನಿಷೇಧಿಸಿದೆ. 25 ವರ್ಷದೊಳಗಿನವರು ತಮ್ಮ ಊರಿನ ಹತ್ತಿರವೇ ಇಡೀ ಮನೆ ಕಾಯ್ದಿರಿಸಲು ಹೋದರೆ ತಡೆ ಬೀಳಬಹುದು. ಆದ್ದರಿಂದ ಮಾಲೀಕರಿಗೆ ಮೊದಲೇ ಬರೆದು ನಿಜವನ್ನು ಹೇಳಿ: ಇಷ್ಟು ಜನ, ಮದ್ಯವಿಲ್ಲ, ಸಂಗೀತವಿಲ್ಲ, ಸಭೆ ಮತ್ತು ಊಟ. ಜನರ ಸಂಖ್ಯೆಯನ್ನು ಕಡಿಮೆ ಮಾಡಿ ಹೇಳಿ ಒಳನುಗ್ಗಿದ ಒಂದು ಚಾಪ್ಟರ್ ಶನಿವಾರ ರಾತ್ರಿ ಹತ್ತಕ್ಕೆ ಸಾಮಾನು ಹೊತ್ತು ಬೀದಿಗೆ ಬಂದದ್ದನ್ನು ನಾನು ಬಲ್ಲೆ.

‘24 ಮಂದಿ ಮಲಗಬಹುದು’ ಎಂಬ ಜಾಹೀರಾತನ್ನು ನಂಬದೆ ಹಾಸಿಗೆಗಳನ್ನು ಎಣಿಸಿ. ಇನ್ನೊಬ್ಬರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಲು ಕೆಲವರಿಗೆ ಆಗುವುದಿಲ್ಲ, ಅದಕ್ಕೆ ಕಾರಣ ಕೇಳಬಾರದು. ಬಚ್ಚಲುಗಳನ್ನೂ ಎಣಿಸಿ. ಕೋಣೆ ಹಂಚುವುದನ್ನು ಗೆಳತಿಯರಿಗೇ ಬಿಟ್ಟರೆ ಮೊದಲು ತುಂಬುವುದು ಹಳಬರ ಕೋಣೆ, ಕೊನೆಗೆ ಬಾಗಿಲ ಬಳಿ ನಿಲ್ಲುವವಳು ಹೊಸಬಳು. ಪಟ್ಟಿಯನ್ನು ಸಮಿತಿಯೇ ಮಾಡಲಿ. ‘ಇವಳ ಜೊತೆ ಇರಬೇಕು’ ಎಂದು ಪ್ರತಿಯೊಬ್ಬಳಿಗೂ ಒಂದು ಹೆಸರು ಬರೆಯುವ ಅವಕಾಶ ಕೊಟ್ಟು ಅದನ್ನು ನಡೆಸಿಕೊಡಿ. ಉಳಿದದ್ದು ಎಲ್ಲ ವರ್ಷದವರೂ ಬೆರೆಯುವಂತೆ ಇರಲಿ.

ಕರಾರಿಗೆ ಯಾವ ವಿದ್ಯಾರ್ಥಿನಿಯೂ ತನ್ನ ಸ್ವಂತ ಹೆಸರಿನಲ್ಲಿ ಸಹಿ ಹಾಕಬಾರದು. ಕಿಟಕಿ ಒಡೆದರೂ ಯಾರಾದರೂ ಜಾರಿ ಬಿದ್ದರೂ ಹೊಣೆ ಅವಳ ತಲೆಗೆ ಬರುತ್ತದೆ. ಸಂಘದ ಕೇಂದ್ರ ಕಚೇರಿಯಲ್ಲಿ ಕರಾರಿಗೆ ಯಾರ ಸಹಿ, ವಿಮೆ ಎಲ್ಲಿಂದ ಎಂಬ ನಿಯಮ ಇರುತ್ತದೆ. ಜಾಗದವರು ವಿಮೆಯ ಪ್ರಮಾಣಪತ್ರ ಕೇಳಿದರೆ ಅದೂ ಅಲ್ಲಿಂದಲೇ ಬರಬೇಕು, ಬರಲು ದಿನಗಳು ಹಿಡಿಯುತ್ತವೆ. ಕ್ಯಾಂಪಸ್ ಹೊರಗಿನ ಕಾರ್ಯಕ್ರಮವನ್ನು ಮೊದಲೇ ನೋಂದಾಯಿಸಬೇಕೆಂದು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಇದನ್ನು ಮಾಡಿ ಮುಗಿಸುವವರೆಗೆ ಮುಂಗಡ ಕಟ್ಟಬೇಡಿ.

ದುಡ್ಡಿನ ಲೆಕ್ಕ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಹುಡುಗಿಯರು ತಪ್ಪಿಸಿಕೊಳ್ಳುವುದು ಇಲ್ಲಿಯೇ.

36 ಸದಸ್ಯರ ಚಾಪ್ಟರ್, ಎರಡು ರಾತ್ರಿ ಎಂದಿಟ್ಟುಕೊಳ್ಳಿ. ವಸತಿಗೆ 1,800 ಡಾಲರ್. ಶುಕ್ರವಾರ ರಾತ್ರಿಯಿಂದ ಭಾನುವಾರ ಬೆಳಗಿನವರೆಗೆ ಐದು ಹೊತ್ತಿನ ಊಟ ತಿಂಡಿ, ನಾವೇ ಬೇಯಿಸಿಕೊಂಡರೆ ತಲಾ 28ರಂತೆ 1,008. ಎಂಟು ಕಾರುಗಳ ಪೆಟ್ರೋಲಿಗೆ 200. ಕಾಗದ, ಲಕೋಟೆ, ಬಣ್ಣದ ಪೆನ್ನುಗಳಿಗೆ 100. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ 50. ಒಟ್ಟು 3,158. ಇದರ ಮೇಲೆ ಶೇಕಡಾ 10ರಷ್ಟು, ಅಂದರೆ ಸುಮಾರು 316 ಡಾಲರ್ ಅನಿರೀಕ್ಷಿತ ಖರ್ಚಿಗೆ ಇಡಿ. ಆಗ 3,474. ಚಾಪ್ಟರ್‌ನ ವಾರ್ಷಿಕ ಬಜೆಟ್‌ನಲ್ಲಿ ರಿಟ್ರೀಟ್‌ಗೆಂದು 2,000 ಇದ್ದರೆ ಸದಸ್ಯರಿಂದ ಬರಬೇಕಾದದ್ದು 1,474. ಅದನ್ನು 36ರಿಂದ ಭಾಗಿಸಿ ತಲಾ 41 ಎಂದು ಸಾರುವುದು ಎಲ್ಲರೂ ಮಾಡುವ ಕೆಲಸ. ನಾನು 45 ಎನ್ನುತ್ತೇನೆ. 33 ಮಂದಿ 45 ಕೊಟ್ಟರೆ 1,485 ಆಗುತ್ತದೆ. ಅಂದರೆ ಮೂವರು ಒಂದು ಡಾಲರನ್ನೂ ಕೊಡದೆ ಬರಬಹುದು.

ಆ ಮೂವರು ಯಾರೆಂದು ಖಜಾಂಚಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಬಾರದು. ನೋಂದಣಿಯ ನಮೂನೆಯಲ್ಲೇ ಮೂರು ಆಯ್ಕೆ ಇಡಿ: ಪೂರ್ತಿ ಕೊಡುತ್ತೇನೆ, ಕಂತಿನಲ್ಲಿ ಕೊಡುತ್ತೇನೆ, ಈ ಬಾರಿ ಸಂಘ ಭರಿಸಲಿ. ಮೂರನೆಯದನ್ನು ಗುರುತಿಸಿದವಳಿಗೆ ಬರುವ ಉತ್ತರ ಉಳಿದವರಿಗೆ ಬಂದಂತೆಯೇ ಇರಬೇಕು: ‘ನಿಮ್ಮ ಹೆಸರು ನೋಂದಾಯಿಸಿದ್ದೇವೆ.’ ಕಾರಣ ಕೇಳುವುದಾಗಲಿ, ಅರ್ಜಿ ಬರೆಸುವುದಾಗಲಿ ಬೇಡ. ಇಷ್ಟು ಸಲೀಸಾಗಿದ್ದರೆ ಎಲ್ಲರೂ ಅದನ್ನೇ ಗುರುತಿಸುತ್ತಾರೆ ಎಂದು ಖಜಾಂಚಿಯರು ಹೆದರುತ್ತಾರೆ. ನನ್ನ ಇಷ್ಟು ವರ್ಷಗಳ ಅನುಭವದಲ್ಲಿ ಒಮ್ಮೆಯೂ ಹಾಗಾಗಿಲ್ಲ.

ರಿಟ್ರೀಟ್‌ಗೆಂದೇ ಅಂಗಿ ಅಚ್ಚು ಹಾಕಿಸುವ ಆಸೆ ಇದ್ದರೆ ಅದನ್ನು ಬೇರೆಯಾಗಿ, ಬೇಕಾದವರಿಗೆ ಮಾತ್ರ ಇಡಿ. ಆದರೆ ಎಲ್ಲರೂ ಒಂದೇ ಅಂಗಿ ತೊಟ್ಟ ಗುಂಪುಚಿತ್ರದಲ್ಲಿ ಒಬ್ಬಳು ಮಾತ್ರ ಬೇರೆ ಬಣ್ಣದಲ್ಲಿ ನಿಲ್ಲುವಂತಾಗುವುದಾದರೆ ಅಂಗಿಯೇ ಬೇಡ.

ಕಾರು, ದಾರಿ, ದಾಖಲೆ

ಹದಿನೈದು ಸೀಟಿನ ವ್ಯಾನ್ ಬಾಡಿಗೆಗೆ ತೆಗೆದರೆ ಅಗ್ಗ ಎನ್ನಿಸುತ್ತದೆ. ಬೇಡ. ಜನ ತುಂಬಿದಷ್ಟೂ ಆ ವ್ಯಾನ್‌ಗಳು ಪಲ್ಟಿಯಾಗುವ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. 25 ತುಂಬದವರಿಗೆ ಬಾಡಿಗೆ ಕಾರಿನವರು ಹೆಚ್ಚುವರಿ ಶುಲ್ಕವನ್ನೂ ಹಾಕುತ್ತಾರೆ. ಸದಸ್ಯರ ಕಾರುಗಳೇ ಮೇಲು. ಚಾಲಕಿಯರ ಪರವಾನಗಿ ಮತ್ತು ವಿಮೆಯ ಪ್ರತಿಯನ್ನು ಮೊದಲೇ ಪಡೆದು, ಪ್ರತಿ ಕಾರಿನಲ್ಲಿ ಯಾರು ಯಾರು ಎಂಬ ಪಟ್ಟಿಯನ್ನು ಕ್ಯಾಂಪಸ್‌ನಲ್ಲಿ ಉಳಿಯುವ ಸಲಹೆಗಾರ್ತಿಗೆ ಕೊಟ್ಟು ಹೊರಡಿ. ಭಾನುವಾರ ಮರಳುವ ದಾರಿ ಹೋಗುವ ದಾರಿಗಿಂತ ಅಪಾಯಕರ, ಎಲ್ಲರಿಗೂ ನಿದ್ದೆ ಕಡಿಮೆಯಾಗಿರುತ್ತದೆ. ಚಾಲಕಿಯರನ್ನು ಶನಿವಾರ ರಾತ್ರಿ ಹನ್ನೆರಡರೊಳಗೆ ಮಲಗಲು ಬಿಡಿ. ಅವರು ಎದ್ದುಹೋದರೆಂದು ಬೇಸರಿಸಬೇಡಿ.

ಹೊರದೇಶದ ಪಾಸ್‌ಪೋರ್ಟಿನವರು ಪ್ರತಿ ಚಾಪ್ಟರ್‌ನಲ್ಲೂ ಇರಬಹುದು. ಟೆಕ್ಸಸ್ಸಿನವರು ಕಡಲ ಆಸೆಗೆ ಸೌತ್ ಪಾಡ್ರೆ ದ್ವೀಪವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿಂದ ಉತ್ತರಕ್ಕೆ ಮರಳುವಾಗ ಸರಿಟಾ, ಫಲ್ಫುರಿಯಸ್ ಬಳಿ ಗಡಿ ಪಹರೆಯವರ ತಪಾಸಣಾ ಠಾಣೆಗಳಿವೆ, ಕಾರು ನಿಲ್ಲಿಸಿ ಪೌರತ್ವ ಕೇಳುತ್ತಾರೆ. ವೀಸಾದಲ್ಲಿರುವವಳು ಪಾಸ್‌ಪೋರ್ಟ್ ಮತ್ತು ವಲಸೆ ದಾಖಲೆಗಳನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ‘ಯಾರು ಯಾವ ವೀಸಾ’ ಎಂದು ಎಲ್ಲರೆದುರು ಕೇಳಬೇಡಿ. ಸಾಮಾನಿನ ಪಟ್ಟಿಯಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಒಂದು ಸಾಲು ಬರೆಯಿರಿ. ಇಂಥ ದಾರಿ ಇಲ್ಲದ ಜಾಗವನ್ನೇ ಆರಿಸಿದರೆ ಇನ್ನೂ ಒಳ್ಳೆಯದು.

ಮನೆಯವರ ಒಪ್ಪಿಗೆಯ ಮಾತು. ಹದಿನೆಂಟು ತುಂಬಿದವರಿಗೆ ಕಾನೂನಿನಲ್ಲಿ ಅದು ಬೇಕಿಲ್ಲ, ಮನಸ್ಸಿಗೆ ಬೇಕು. ನಾನು ಎರಡನೆಯ ವರ್ಷ ಹೊರಟಾಗ ಅಮ್ಮ ಹಾಸನದಿಂದ ಫೋನಿನಲ್ಲಿ ಕೇಳಿದ್ದು ಮೂರೇ: ‘ಯಾವ ಊರು, ಯಾರ ಜೊತೆ, ಮಲಗುವುದು ಎಲ್ಲಿ?’ ನಾನು ತಡವರಿಸಿದಷ್ಟೂ ಅವರ ಆತಂಕ ಹೆಚ್ಚಿತು. ಅಂದಿನಿಂದ ಒಂದು ಪುಟದ ಪತ್ರ ಸಿದ್ಧಮಾಡುತ್ತೇವೆ. ವಿಳಾಸ, ಹೋಗಿ ಬರುವ ಸಮಯ, ಜೊತೆಗಿರುವ ಹಿರಿಯರ ಹೆಸರು ಮತ್ತು ಫೋನ್, ಹತ್ತಿರದ ಆಸ್ಪತ್ರೆ, ಮದ್ಯವಿಲ್ಲ ಎಂಬ ಮಾತು. ಬೇಕಾದವಳು ಅದನ್ನು ಮನೆಗೆ ಕಳಿಸಿಕೊಳ್ಳುತ್ತಾಳೆ. ಅದೇ ಪುಟವನ್ನು ಕಾಗದದಲ್ಲಿ ಅಚ್ಚು ಹಾಕಿ ಪ್ರತಿ ಕಾರಿನಲ್ಲೂ ಇಡಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರುವಾಗ ಕಾಗದವೇ ಕೈಹಿಡಿಯುವುದು.

ಅಡುಗೆಮನೆ

ಹಂಚಿಕೊಂಡು ಬೇಯಿಸಿದ ಊಟದಷ್ಟು ಬೇಗ ಜನರನ್ನು ಹತ್ತಿರ ತರುವುದು ಇನ್ನೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಪ್ರತಿ ಹೊತ್ತಿಗೂ ಆರು ಜನರ ತಂಡ ಮಾಡಿ, ಅದರಲ್ಲಿ ಇಬ್ಬರಾದರೂ ಹೊಸಬರಿರಲಿ. ಮಾತಿಗೆ ಹಿಂಜರಿಯುವವಳು ಈರುಳ್ಳಿ ಹೆಚ್ಚುತ್ತ ಮಾತಾಡುತ್ತಾಳೆ.

ನೋಂದಣಿಯಲ್ಲಿ ಅಲರ್ಜಿ ಮತ್ತು ಪಥ್ಯವನ್ನು ಕೇಳಿ, ಬಂದ ಉತ್ತರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. 36 ಜನಕ್ಕೆ ಚಿತ್ರಾನ್ನ ಮಾಡುವುದಾದರೆ ತಲಾ ನೂರು ಗ್ರಾಂನಂತೆ ಮೂರೂವರೆ ಕಿಲೋ ಅಕ್ಕಿ ಸಾಕು. ಆದರೆ ಕಡಲೆಕಾಯಿ ಬೀಜವನ್ನು ಒಗ್ಗರಣೆಗೆ ಹಾಕಬೇಡಿ. ಕಡಲೆಕಾಯಿ ಅಲರ್ಜಿ ಇರುವವಳಿಗೆ ಅದು ಪ್ರಾಣಕ್ಕೇ ಬರಬಹುದು. ಅಂಥವಳು ಒಬ್ಬಳಿದ್ದರೂ ಆ ವಾರಾಂತ್ಯ ಅಡುಗೆಮನೆಗೆ ಕಡಲೆಕಾಯಿಯೇ ಬರದಿರಲಿ, ಅವಳ ಎಪಿನೆಫ್ರಿನ್ ಚುಚ್ಚುಮದ್ದು ಎಲ್ಲಿದೆ ಎಂಬುದು ಕೋಣೆಯ ಜೊತೆಗಾತಿಗೆ ಗೊತ್ತಿರಲಿ. ನಮ್ಮವರಿಗೇ ಹೊಳೆಯದ ಇನ್ನೊಂದು ವಿಷಯ: ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವಳಿಗೆ ಅಕ್ಕಿಯ ಅಡುಗೆಯೆಂದು ಬಡಿಸಿದ ಸಾರು ಅದರಿಂದಲೇ ತೊಂದರೆ ಕೊಡುತ್ತದೆ. ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ.

ಬೆಂಕಿಯ ಸುತ್ತ ಕೂತು ಸ್ಮೋರ್ಸ್ ತಿನ್ನದೆ ಅಮೆರಿಕದ ಯಾವ ರಿಟ್ರೀಟೂ ಮುಗಿಯುವುದಿಲ್ಲ. ಕಾಯಿಸಿದ ಮಾರ್ಷ್‌ಮೆಲೋ ಮತ್ತು ಚಾಕೊಲೇಟನ್ನು ಎರಡು ಬಿಸ್ಕತ್ತಿನ ನಡುವೆ ಒತ್ತಿ ತಿನ್ನುವ ಸಿಹಿ ಅದು. ಅಂಗಡಿಯ ಸಾಧಾರಣ ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ. ಸಸ್ಯಾಹಾರಿಗಳು, ಜೈನರು, ಹಲಾಲ್ ಪಾಲಿಸುವವರು ತಿನ್ನುವಂತಿಲ್ಲ. ಜೆಲಾಟಿನ್ ಇಲ್ಲದ್ದನ್ನೇ ಎಲ್ಲರಿಗೂ ತನ್ನಿ. ಅವರಿಗೆಂದು ಬೇರೆ ಪೊಟ್ಟಣ ಇಟ್ಟರೆ ಬೆಂಕಿಯ ಸುತ್ತಲೂ ಪಂಕ್ತಿಭೇದ ಮಾಡಿದಂತಾಗುತ್ತದೆ.

ಮಾಡಲೇಬಾರದ್ದು

ಊರಿನಲ್ಲಿ ರ‍್ಯಾಗಿಂಗ್ ಎನ್ನುವುದಕ್ಕೆ ಇಲ್ಲಿ ಹೇಜಿಂಗ್ ಎನ್ನುತ್ತಾರೆ. ಯುಜಿಸಿ 2009ರಲ್ಲಿ ರ‍್ಯಾಗಿಂಗ್ ತಡೆಯುವ ನಿಯಮಾವಳಿ ತಂದಿತು. ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಂದು ರಾಷ್ಟ್ರೀಯ ಕಾನೂನು ಬಂದು, ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಬಹಿರಂಗವಾಗಿ ವರದಿ ಮಾಡಬೇಕಾಯಿತು. ಕ್ಯಾಂಪಸ್‌ನಿಂದ ದೂರ, ರಾತ್ರಿ, ಹಳಬರು ಮತ್ತು ಹೊಸಬರು ಒಂದೇ ಸೂರಿನಡಿ ಇರುವ ರಿಟ್ರೀಟ್‌ನಲ್ಲಿ ಈ ಅಪಾಯ ಅತಿ ಹೆಚ್ಚು. ಕಣ್ಣಿಗೆ ಬಟ್ಟೆ ಕಟ್ಟುವುದು, ಹೇಳದೆ ಕಾರಿಗೆ ಹತ್ತಿಸಿ ಕರೆದೊಯ್ಯುವುದು, ಫೋನ್ ಕಸಿದಿಡುವುದು, ಮಲಗಲು ಬಿಡದಿರುವುದು, ಹೊಸಬರಿಂದ ಮಾತ್ರ ಪಾತ್ರೆ ತೊಳೆಸುವುದು, ಇವು ಯಾವುವೂ ತಮಾಷೆಯಲ್ಲ. ‘ನಮಗೂ ಹೀಗೇ ಮಾಡಿದ್ದರು’ ಎಂದು ಹೇಳುವ ಹಿರಿಯಳಿಗೆ ಅಧ್ಯಕ್ಷೆ ಅಲ್ಲೇ, ಆಗಲೇ ‘ಬೇಡ’ ಎನ್ನಬೇಕು.

ಇಲ್ಲಿ ಮದ್ಯಪಾನಕ್ಕೆ ಕನಿಷ್ಠ ವಯಸ್ಸು 21, ಚಾಪ್ಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಿಂತ ಕಿರಿಯರು. ಆದ್ದರಿಂದ ರಿಟ್ರೀಟ್ ಎಲ್ಲರಿಗೂ ಮದ್ಯರಹಿತ.

ಒಂದು ಆಟದ ಬಗ್ಗೆಯೂ ಎಚ್ಚರಿಕೆ ಹೇಳಬೇಕು. ‘ಮನೆಯಲ್ಲಿ ಹಿಂಸೆ ಕಂಡವರು ಗೆರೆ ದಾಟಿ ಬನ್ನಿ’ ಎಂದು ಸಾಲು ಸಾಲಾಗಿ ಪ್ರಶ್ನೆ ಕೇಳುವ ಗೆರೆ ದಾಟುವ ಆಟ. ಆಪ್ತತೆ ಹುಟ್ಟಿಸಲೆಂದು ಆಡಿಸುತ್ತಾರೆ. ಮಾನಸಿಕ ಆರೋಗ್ಯದಲ್ಲಿ ತರಬೇತಿ ಇಲ್ಲದ ಇಪ್ಪತ್ತರ ಹುಡುಗಿಯರು ಇನ್ನೊಬ್ಬರ ಗಾಯ ತೆರೆದು ಮುಚ್ಚಲಾರದೆ ಕೂತದ್ದನ್ನು ನೋಡಿದ ಮೇಲೆ ನಾನು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಶನಿವಾರ

ಶುಕ್ರವಾರ ರಾತ್ರಿ ಊಟ, ಹೆಸರು ಕಲಿಯುವ ಆಟ, ಮಲಗುವುದು. ಅಷ್ಟೇ ಇರಲಿ.

ಶನಿವಾರ ಬೆಳಿಗ್ಗೆ ಮೊದಲ ಅರ್ಧ ಗಂಟೆ ಖಜಾಂಚಿಗೆ. ಸದಸ್ಯರು ಕೊಡುವ ಶುಲ್ಕದಲ್ಲಿ ಕೇಂದ್ರ ಕಚೇರಿಗೆ ಎಷ್ಟು, ವಿಮೆಗೆ ಎಷ್ಟು, ಸೇವಾಕಾರ್ಯಕ್ಕೆ ಎಷ್ಟು ಎಂದು ಹಾಳೆಯ ಮೇಲೆ ತೋರಿಸಲಿ. ಲೆಕ್ಕ ತೆರೆದಿಟ್ಟ ಮನೆಯಲ್ಲಿ ಅರ್ಧ ಗುಸುಗುಸು ತಾನಾಗಿ ನಿಲ್ಲುತ್ತದೆ. ಆಮೇಲೆ ಆ ಒಂದು ಪ್ರಶ್ನೆಯನ್ನು ತೆಗೆಯಬಹುದು, ಆದರೆ ಕೂಡಲೇ ಮಾತಿಗೆ ಇಳಿಯಬೇಡಿ. ಐದು ನಿಮಿಷ ಎಲ್ಲರೂ ಮೌನವಾಗಿ ಚೀಟಿಯಲ್ಲಿ ಬರೆಯಲಿ: ಏನು ಶುರುಮಾಡಬೇಕು, ಏನು ನಿಲ್ಲಿಸಬೇಕು, ಏನು ಹೀಗೇ ಇರಲಿ. ಆಮೇಲೆ ಆರಾರು ಜನರ ಗುಂಪುಗಳಲ್ಲಿ ಮಾತು, ಪ್ರತಿ ಗುಂಪಿನಲ್ಲೂ ಮೊದಲು ಬಾಯಿ ತೆರೆಯುವವಳು ಅತ್ಯಂತ ಹೊಸಬಳು, ಕೊನೆಯಲ್ಲಿ ಪದಾಧಿಕಾರಿ. ಈ ಸರದಿ ತಲೆಕೆಳಗಾದರೆ ಅಧ್ಯಕ್ಷೆಯ ಅಭಿಪ್ರಾಯವೇ ಆರು ಬಾರಿ ಸುತ್ತಿ ಬರುತ್ತದೆ.

ಮುಖ್ಯ ಚರ್ಚೆಯನ್ನು ಬೆಳಿಗ್ಗೆ ಮುಗಿಸಬೇಡಿ. ಶನಿವಾರ ಮಧ್ಯಾಹ್ನದ ಕಾರಿನಲ್ಲಿ ಬರುವವರಿದ್ದಾರೆ. ಅವರು ಬಂದು ಊಟ ಮಾಡಿದ ಮೇಲೆ, ಬೆಳಗಿನ ಚೀಟಿಗಳನ್ನು ಗೋಡೆಯಲ್ಲಿ ಓದಲು ಬಿಟ್ಟು, ಎರಡನೆಯ ಸುತ್ತು ನಡೆಸಿ. ರಿಟ್ರೀಟ್‌ನಲ್ಲಿ ಮತಕ್ಕೆ ಹಾಕಬಾರದು ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ. ಬಂದ ಪ್ರಸ್ತಾಪಗಳನ್ನು ಬರೆದುಕೊಳ್ಳಿ, ಮತದಾನ ಮುಂದಿನ ವಾರದ ಸಾಮಾನ್ಯ ಸಭೆಯಲ್ಲಿ ಆಗಲಿ. ಬರಲಾಗದೆ ಉಳಿದವಳಿಗೂ ಆಗ ಒಂದು ಮತವಿರುತ್ತದೆ.

ಇಬ್ಬರ ನಡುವಿನ ಜಗಳವನ್ನು ಎಲ್ಲರ ಮುಂದೆ ಬಗೆಹರಿಸಲು ಹೋಗಬೇಡಿ. ಅದು ಪಂಚಾಯಿತಿಯಾಗುತ್ತದೆ. ಸಲಹೆಗಾರ್ತಿಯ ಜೊತೆ ಆ ಇಬ್ಬರು ನಡೆಯುತ್ತ ಮಾತಾಡಲಿ.

ಮಧ್ಯಾಹ್ನ ಮೂರರಿಂದ ಆರರವರೆಗೆ ಏನೂ ಇಡಬೇಡಿ. ಸಮಿತಿಯವರಿಗೆ ಇದನ್ನು ಒಪ್ಪಿಸುವುದೇ ನನಗೆ ಪ್ರತಿ ವರ್ಷದ ಕಷ್ಟ. ಖಾಲಿ ಕಂಡ ಜಾಗಕ್ಕೆಲ್ಲ ಏನಾದರೂ ತುಂಬಬೇಕೆನಿಸುತ್ತದೆ. ಆದರೆ ನಾನು ಕಂಡ ಗಟ್ಟಿ ಗೆಳೆತನಗಳೆಲ್ಲ ಹುಟ್ಟಿದ್ದು ಈ ಮೂರು ಗಂಟೆಯಲ್ಲಿ: ಒಬ್ಬರು ನಿದ್ದೆ ಮಾಡುತ್ತಾರೆ, ಇಬ್ಬರು ಕೆರೆಯ ಸುತ್ತ ನಡೆದು ಬರುತ್ತಾರೆ, ಯಾರೋ ಪಕ್ಕದವಳ ಕೈಗೆ ಗೋರಂಟಿ ಹಚ್ಚುತ್ತಾರೆ. ನಮಾಜಿಗೋ ಧ್ಯಾನಕ್ಕೋ ಒಂದು ಕೋಣೆಯನ್ನು ಸುಮ್ಮನಿರಿಸಿ.

ಲಕೋಟೆಗಳು

ಸಂಜೆ ಗೋಡೆಗೆ ಪ್ರತಿಯೊಬ್ಬಳ ಹೆಸರು ಬರೆದ ಲಕೋಟೆ ಅಂಟಿಸುತ್ತಾರೆ. ಒಬ್ಬರ ಬಗ್ಗೆ ಇಷ್ಟವಾದದ್ದನ್ನು ಚೀಟಿಯಲ್ಲಿ ಬರೆದು ಅವಳ ಲಕೋಟೆಗೆ ಹಾಕುವುದು ಬಹಳ ಹಳೆಯ ರೂಢಿ. ಚೆನ್ನಾಗಿ ನಡೆದರೆ ಆ ಚೀಟಿಗಳನ್ನು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಗಮನವಿಡದೆ ಬಿಟ್ಟರೆ ಅಧ್ಯಕ್ಷೆಯ ಲಕೋಟೆ ಉಬ್ಬಿ, ಹೊಸಬಳದ್ದರಲ್ಲಿ ಎರಡೇ ಚೀಟಿ ಉಳಿಯುತ್ತವೆ. ಆದ್ದರಿಂದ ಪ್ರತಿಯೊಬ್ಬಳಿಗೂ ಐದು ಹೆಸರುಗಳ ಪಟ್ಟಿ ಕೊಡಿ, ಅವರಿಗೆ ಬರೆಯಲೇಬೇಕು. ಆಮೇಲೆ ಯಾರಿಗೆ ಬೇಕಾದರೂ ಬರೆಯಬಹುದು. ಎಲ್ಲರೂ ಮಲಗಿದ ಮೇಲೆ ಸಮಿತಿಯ ಇಬ್ಬರು ಲಕೋಟೆಗಳನ್ನು ಮುಟ್ಟಿ ನೋಡಬೇಕು. ತೆಳ್ಳಗಿದ್ದವುಗಳಿಗೆ ಅಲ್ಲೇ ಕೂತು, ನಿಜವಾಗಿ ನೆನಪಿರುವುದನ್ನು ಯೋಚಿಸಿ ಬರೆಯಬೇಕು. ‘ನೀನು ತುಂಬಾ ಒಳ್ಳೆಯವಳು’ ಎಂಬ ಚೀಟಿ ಯಾರಿಗೂ ಬೇಕಿಲ್ಲ. ‘ಮೊದಲ ಸಭೆಯ ದಿನ ಮಳೆಯಲ್ಲಿ ನಿನ್ನ ಕೊಡೆಯೊಳಗೆ ನನ್ನನ್ನು ಕರೆದೆ’ ಎಂಬ ಚೀಟಿ ಬೇಕು.

ಬರಲಾಗದವರ ಹೆಸರಿನ ಲಕೋಟೆಗಳೂ ಗೋಡೆಯ ಮೇಲೆ ಇರಲಿ, ಐದು ಹೆಸರುಗಳ ಪಟ್ಟಿಗಳಲ್ಲಿ ಅವರ ಹೆಸರೂ ಬರಲಿ.

ಭಾನುವಾರ, ಸೋಮವಾರ

ಭಾನುವಾರ ಉಪ್ಪಿಟ್ಟೋ ಪ್ಯಾನ್‌ಕೇಕೋ ತಿಂದು, ಎಲ್ಲರೂ ಸೇರಿ ಗುಡಿಸಿ, ಮನೆಯನ್ನು ಬಂದಾಗ ಇದ್ದಂತೆಯೇ ಮಾಡಿ, ಅದರ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಠೇವಣಿ ಮರಳಿ ಬರುವಾಗ ಇವು ಬೇಕಾಗುತ್ತವೆ. ಹನ್ನೊಂದಕ್ಕೆ ಹೊರಟರೆ ಮರುದಿನದ ತರಗತಿಗೆ ಓದಲು ಸಮಯವಿರುತ್ತದೆ. ಎಲ್ಲ ಕಾರುಗಳೂ ಮುಟ್ಟಿದ ಸುದ್ದಿ ಬರುವವರೆಗೆ ಅಧ್ಯಕ್ಷೆ ಮಲಗಬಾರದು.

ಮೂರು ದಿನದೊಳಗೆ ಕಾರ್ಯದರ್ಶಿ ಒಂದು ಪುಟದ ಟಿಪ್ಪಣಿ ಕಳಿಸಲಿ. ಪ್ರಸ್ತಾಪ, ಅದನ್ನು ನೋಡಿಕೊಳ್ಳುವವಳ ಹೆಸರು, ದಿನಾಂಕ. ಮೂರರಲ್ಲಿ ಒಂದಿಲ್ಲದ ಸಾಲನ್ನು ಅಳಿಸಿಬಿಡಿ. ಖಜಾಂಚಿ ಖರ್ಚಿನ ಲೆಕ್ಕವನ್ನು ಮುಂದಿನ ಸಭೆಯಲ್ಲೇ ಒಪ್ಪಿಸಲಿ, ಉಳಿದ ಹಣ ಮುಂದಿನ ವರ್ಷದ ಆ ಮೂವರಿಗೆ ಹೋಗಲಿ.

ಗುಂಪುಚಿತ್ರಗಳನ್ನು ಹಾಕುವ ಮೊದಲು, ಬರಲಾಗದವಳ ಲಕೋಟೆಯನ್ನು ಸೋಮವಾರವೇ ಅವಳ ಕೈಗೆ ಮುಟ್ಟಿಸಿ. ಅಂಚೆಯಲ್ಲೋ ಬೇರೆಯವರ ಮೂಲಕವೋ ಬೇಡ. ಅವಳಿಗೆ ಅಕ್ಕನಾದವಳು ಗ್ರಂಥಾಲಯದ ಮೇಜಿಗೆ, ಅವಳ ಪಾಳಿ ಮುಗಿಯುವ ಹೊತ್ತಿಗೆ ಹೋಗಿ, ಜೊತೆಗೆ ಒಂದು ಡಬ್ಬಿ ಚಿತ್ರಾನ್ನವನ್ನೂ ಇಟ್ಟು, ‘ಅಲ್ಲಿ ಏನೇನಾಯಿತು ಹೇಳುತ್ತೇನೆ, ಕೂತುಕೋ’ ಎನ್ನಬೇಕು.